ವನಜಾಬಾಯಿಯ ಗುಟ್ಟಿನ ಹೊಲಿಗೆ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಜಂಪರು ಹೊಲಿಯುವವರು ನಾಲ್ಕೈದು ಜನ ಇದ್ದರು. ಅವರಲ್ಲಿ ಹೆಂಗಸೆಂದರೆ ವನಜಾಬಾಯಿ ಒಬ್ಬಳೇ. ಗುಲಬರ್ಗಾದಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು. ಗಂಡ ನರಸಿಂಹರಾಯ ಅದೇ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಗುಮಾಸ್ತ. ಅವನು ಮಾತಾಡುವುದು ಕಡಿಮೆ, ಆ ಕೊರತೆಯನ್ನು ಹೆಂಡತಿ ಧಾರಾಳವಾಗಿ ತುಂಬಿಕೊಟ್ಟಿದ್ದಳು. ಯಾರಾದರೂ ತೋಳು ಬಿಗಿಯಾಯಿತೆಂದು ಜಂಪರು ವಾಪಸು ತಂದರೆ, "ಜಂಪರ್ ಏನೂ ಬಿಗಿ ಆಗಿಲ್ಲ ತಾಯಿ, ಶ್ರಾವಣದಾಗ ಹೋಳಿಗಿ ಭಾಳ ಆಗ್ಯಾವ" ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಅಂದುಬಿಡುವಳು. ಅಂದ ಮೇಲೆ ಹೊಲಿಗೆ ಬಿಚ್ಚಿ, ಒಂದು ಬೆರಳು ಸಡಿಲ ಮಾಡಿ, ಇಸ್ತ್ರಿ ಹಾಕಿ ಕೊಡುವಳು. ಬೈಸಿಕೊಂಡವರು ಮುಂದಿನ ಸೀರೆಯ ಜಂಪರಿಗೂ ಅವಳ ಬಳಿಯೇ ಬರುತ್ತಿದ್ದರು.

ಇಂಥ ಬಾಯಿಬಡಕಿಯ ಹೊಟ್ಟೆಯೊಳಗೆ ಗುಟ್ಟು ನಿಲ್ಲುತ್ತದೆ ಎಂದರೆ ಯಾರಾದರೂ ನಂಬುತ್ತಾರೆಯೇ? ಆದರೆ ನಿಂತಿತ್ತು. ಒಂದಲ್ಲ, ಎಷ್ಟೋ ಹೆಂಗಸರ ಗುಟ್ಟು.

ಅವಳ ನಲವತ್ತೊಂದನೆಯ ವಯಸ್ಸಿನಲ್ಲಿ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಜೀವ ಉಳಿಯಿತು, ಆ ಪಕ್ಕದ ಎದೆ ಉಳಿಯಲಿಲ್ಲ. ಮನೆಗೆ ಬಂದ ಮೇಲೆ ಅವಳನ್ನು ಕಾಡಿದ್ದು ನೋವಲ್ಲ, ಕನ್ನಡಿ. ಊರಿನ ಹೆಂಗಸರಿಗೆಲ್ಲ ಅಳತೆಗೆ ಸರಿಯಾಗಿ ಹೊಲಿದುಕೊಟ್ಟವಳ ಸ್ವಂತ ಜಂಪರು ಒಂದು ಕಡೆ ಜೋಲು ಬಿದ್ದಿತ್ತು. ಸೆರಗನ್ನು ಎರಡು ಸುತ್ತು ಹೊದ್ದಳು, ಶಾಲು ಹೊದ್ದಳು, ಏಪ್ರಿಲ್ ತಿಂಗಳ ಬಿಸಿಲಲ್ಲಿ ಶಾಲು ಹೊದ್ದವಳನ್ನು ನೋಡಿ ಗಲ್ಲಿಯವರು ಜ್ವರವೇ ಎಂದು ಕೇಳತೊಡಗಿದರು. ಆ ಬದಿಯನ್ನು ಅವಳು ಯಾರಿಗೂ ತೋರಿಸಲಿಲ್ಲ. ತಂಗಿಗೆ ತೋರಿಸಲಿಲ್ಲ, ಗಂಡನಿಗೆ ತೋರಿಸಲಿಲ್ಲ. ನರಸಿಂಹರಾಯ ಒಂದು ಸಲ, "ವನಜಾ, ನಾನೇನು ಪರದೇಶಿ ಏನು?" ಎಂದು ಕೇಳಿದ. ಅವಳು ಗೋಡೆಯ ಕಡೆ ತಿರುಗಿದಳು. ಅವನು ಮತ್ತೆ ಕೇಳಲಿಲ್ಲ, ಪುಣ್ಯಾತ್ಮ.

ಶಾಲು ಬಿಸಾಕಬೇಕೆಂದೇ ಅವಳು ಒಂದು ಪುಟ್ಟ ದಿಂಬು ಹೊಲಿದುಕೊಂಡಳು, ಜಂಪರಿನ ಒಳಗೆ ಕೂರುವಂಥದ್ದು. ಮೊದಲು ಹತ್ತಿ ತುಂಬಿದಳು. ಹತ್ತಿಗೆ ತೂಕ ಇಲ್ಲ, ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಅದು ಮೆಲ್ಲಗೆ ಏರಿ ಭುಜದ ಹತ್ತಿರ ಬಂದು ಕೂತಿತು. ಆಮೇಲೆ ಸಾಸಿವೆ ತುಂಬಿದಳು. ತೂಕ ಚೆನ್ನಾಗಿತ್ತು, ಆದರೆ ಮಳೆಗಾಲದ ಬೆವರಿಗೆ ಸಾಸಿವೆ ಮೊಳಕೆ ಬಿಟ್ಟಿತು! ಜಂಪರಿನೊಳಗೆ ಹೊಲ ಮಾಡಿದೆನಲ್ಲ ಎಂದು ಒಬ್ಬಳೇ ಬಚ್ಚಲಲ್ಲಿ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ರಾಗಿಗೆ ಹುಳ ಬಿದ್ದವು. ಕೊನೆಗೆ ಗಲ್ಲಿಯ ತುದಿಯ ಸೈಕಲ್ ಅಂಗಡಿಯಲ್ಲಿ ಚಕ್ರದೊಳಗಿನ ಉಕ್ಕಿನ ಸಣ್ಣ ಗುಂಡುಗಳನ್ನು ಕಂಡಳು. ಹೈದರಾಬಾದಿನಲ್ಲಿ ಅದಕ್ಕೆ ಛರ್ರಾ ಎನ್ನುತ್ತಾರೆ. ಒಂದು ಹಿಡಿ ಛರ್ರಾ, ಸುತ್ತ ಮೇಣ ಹಚ್ಚಿದ ಬಟ್ಟೆ, ಅದರ ಸುತ್ತ ಹತ್ತಿ, ಮೇಲೆ ಮೆತ್ತನೆಯ ಮಲ್ಮಲ್. ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಬೆನ್ನು ನೆಟ್ಟಗಾಯಿತು, ಎರಡೂ ಭುಜ ಸಮ ನಿಂತವು. ಅಂದು ಇಡೀ ದಿನ ಗಲ್ಲಿಯಲ್ಲಿ ಅವಳ ಮಾತೇ ಮಾತು.

ಆಸ್ಪತ್ರೆಗೆ ತಪಾಸಣೆಗೆಂದು ಹೋದಾಗ ಹೆಂಗಸರ ವಾರ್ಡಿನ ನರ್ಸು ಉಷಾ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏನ್ರಿ ಬಾಯಾರ, ಆಪರೇಷನ್ ಆದವರು ಅಂತ ಗೊತ್ತ ಆಗವಲ್ತು" ಎಂದಳು. ವಿಷಯ ತಿಳಿದ ಮೇಲೆ ವಾರ್ಡಿನಿಂದ ಮನೆಗೆ ಹೋಗುವ ಹೆಂಗಸರ ಕಿವಿಯಲ್ಲಿ ಉಷಾ ಕಾಚಿಗೂಡದ ವಿಳಾಸ ಉಸುರತೊಡಗಿದಳು. ಹೀಗೆ ಶುರುವಾಯಿತು ಮಂಗಳವಾರದ ಕೆಲಸ.

ಮಂಗಳವಾರ ಮಧ್ಯಾಹ್ನ ಜಂಪರಿನ ಗಿರಾಕಿಗಳಿಗೆ ರಜೆ. ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಒಳಕೋಣೆಗೆ ಹಳೆಯ ಜಮಖಾನೆಯ ದಪ್ಪ ಪರದೆ. ಬಂದವಳ ಹೆಸರನ್ನು ವನಜಾಬಾಯಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ, ಯಾವ ಚೀಟಿಯಲ್ಲೂ ಏನೂ ಬರೆಯುತ್ತಿರಲಿಲ್ಲ. ಅಳತೆ ತೆಗೆಯುವುದಕ್ಕೂ ಅವಳದೊಂದು ಪದ್ಧತಿ ಇತ್ತು. ಎದುರು ನಿಲ್ಲುವುದಿಲ್ಲ. ಹಿಂದೆ ನಿಂತು, ಎರಡೂ ಕೈ ಮುಂದೆ ತಂದು, ಕಣ್ಣು ಮುಚ್ಚಿ, ಬೆರಳ ಮೇಲೆಯೇ ಅಳತೆ ಹಿಡಿಯುವಳು. ಬಂದವಳಿಗೆ ಯಾರ ಕಣ್ಣನ್ನೂ ನೋಡಬೇಕಾಗುತ್ತಿರಲಿಲ್ಲ. ಬಾಯಿಯ ಜೋರೆಲ್ಲ ಆ ಪರದೆಯ ಹೊರಗೆ. ಒಳಗೆ, "ಕೈ ಸ್ವಲ್ಪ ಎತ್ತರಿ, ಅವ್ವಾ. ಹಾಂ, ಆತು" ಎಂದಷ್ಟೇ. ಹೊಲಿಗೆಯ ಕಂಕುಳ ಬದಿಗೆ ಕೆಂಪು ದಾರದ ಮೂರು ಗಂಟು ಹಾಕುತ್ತಿದ್ದಳು, ಯಾವ ಬದಿ ಎತ್ತ ಬರಬೇಕೆಂದು ಹಾಕಿಕೊಳ್ಳುವವಳಿಗೆ ಕತ್ತಲಲ್ಲೂ ತಿಳಿಯಲೆಂದು. ಒಳಗೆ ಏನು ತುಂಬಿದ್ದೀರಿ ಎಂದು ಯಾರಾದರೂ ಕೇಳಿದರೆ ಮಾತ್ರ ಹಳೆಯ ವನಜಾಬಾಯಿ ಹೊರಬರುವಳು. "ಅದನ್ನೆಲ್ಲ ಕೇಳಬ್ಯಾಡ್ರಿ, ಹಾಕ್ಕೊಂಡು ಆರಾಮ ಅಡ್ಡಾಡ್ರಿ." ಸೈಕಲ್ಲಿನ ಗುಂಡು ಎಂದರೆ ಹೆಂಗಸರು ಹೆದರಿಯಾರು ಎಂದು ಹೇಳುತ್ತಿರಲಿಲ್ಲ.

ಹತ್ತು ವರ್ಷ ಹೀಗೇ ನಡೆಯಿತು. ಎಲ್ಲ ಸುಖವಾಗಿತ್ತು.

ಆಮೇಲೆ ಒಂದು ಮಂಗಳವಾರ, ಮೂರು ತಿಂಗಳ ಹಿಂದೆ ದಿಂಬು ಹೊಲಿಸಿಕೊಂಡು ಹೋಗಿದ್ದ ಹೆಂಗಸೊಬ್ಬಳು ಒಳಗೆ ಬಂದು ಕತ್ತರಿಸುವ ಮೇಜಿನ ಮೇಲೆ ಒಂದು ಛರ್ರಾ ಇಟ್ಟಳು. ಅದು ಉರುಳಿ ಟೇಪಿನ ಬಳಿ ನಿಂತಿತು.

"ಇದೇನ್ರಿ ಇದು?"

ವನಜಾಬಾಯಿ ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು. "ನೀವು ಹೆಸರು ಕೇಳಂಗಿಲ್ಲ, ಖರೆ. ಇವತ್ತ ಕೇಳರಿ. ನನ್ನ ಹೆಸರು ಪ್ರಫುಲ್ಲಾ. ಧಾರವಾಡದವರು. ನಮ್ಮ ಮನಿಯವರು ಕಾಂಚನಬಾಗದಾಗ ಡಿಫೆನ್ಸ್ ಕಂಪನಿಯೊಳಗ ಇದ್ದಾರ. ಇನ್ನ ನನಗೇನಾತು ಕೇಳರಿ."

ಕೇಳಲು ವನಜಾಬಾಯಿ ಕೂತುಬಿಟ್ಟಳು. ಪ್ರಫುಲ್ಲಾಳ ಮಗಳ ನಿಶ್ಚಯಕ್ಕೆಂದು ಅವರೆಲ್ಲ ಉತ್ತರದ ಒಂದು ದೊಡ್ಡ ಊರಿಗೆ ಹೋಗಿದ್ದರು. ಯಾವ ಊರು ಎಂಬುದು ಇಲ್ಲಿ ಬೇಡ. ಹೋಗುವಾಗ ರೈಲು. ಬರುವಾಗ ಬೀಗರು ತಾವೂ ಹೈದರಾಬಾದ್ ನೋಡುತ್ತೇವೆಂದು ಎಲ್ಲರಿಗೂ ವಿಮಾನದ ಟಿಕೆಟ್ಟು ತೆಗೆಸಿದರು. ಪ್ರಫುಲ್ಲಾಳಿಗೆ ಅದೇ ಮೊದಲ ವಿಮಾನ. ಅಲ್ಲಿ ಬಾಗಿಲಿನಂಥ ಒಂದು ಯಂತ್ರ, ಅದರೊಳಗೆ ಹಾದದ್ದೇ ತಡ ಕಿರುಚಿಕೊಂಡಿತು. ಬಳೆ ತೆಗೆದಳು, ಕಿರುಚಿತು. ಮಂಗಳಸೂತ್ರ ಕೈಯಲ್ಲಿ ಹಿಡಿದಳು, ಮತ್ತೆ ಕಿರುಚಿತು. ಖಾಕಿ ಹಾಕಿದ ಹೆಂಗಸು ಅವಳನ್ನು ಕಟ್ಟಿಗೆಯ ಅಡ್ಡತಟ್ಟಿಯ ಹಿಂದೆ ಕರೆದೊಯ್ದು ಮೈ ಮುಟ್ಟಿ ನೋಡಿದಳು. ಜಂಪರಿನ ಒಳಗೆ ನೂರಾರು ಗುಂಡು ಕೈಗೆ ಹತ್ತಿದ್ದೇ ಅವಳ ಮುಖ ಬಿಳಿಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಸರಿದು ಇನ್ನೂ ಮೂವರನ್ನು ಕರೆದಳು. ಇತ್ತ ಪ್ರಫುಲ್ಲಾ ಸ್ಕೂಲಿನಲ್ಲಿ ಕಲಿತ ಹಿಂದಿಯನ್ನೆಲ್ಲ ಆ ಕ್ಷಣಕ್ಕೆ ಮರೆತಳು. ಆಪರೇಷನ್ ಎಂಬ ಶಬ್ದ ಕೂಡ ಬಾಯಿಗೆ ಬರಲಿಲ್ಲ. ದಿಂಬು ತೆಗೆಸಿದರು, ಕತ್ತರಿ ಹಾಕಿದರು. ಛರ್ರಾಗಳು ನೆಲಕ್ಕೆ ಬಿದ್ದು, ಅಡ್ಡತಟ್ಟಿಯ ಕೆಳಗಿನಿಂದ ಉರುಳಿ, ಹೊರಗೆ ಸಾಲಿನಲ್ಲಿ ನಿಂತ ಗಂಡಸರ ಬೂಟಿನ ನಡುವೆ ಹೋದವು.

"ನಮ್ಮ ಬೀಗಿತಿ ಬಗ್ಗಿ ಒಂದು ಆರಿಸಿಕೊಂಡಳು. ಇವು ಯಾತರ ಗುಂಡು ಅಂತ ಕೇಳಿದಳು. ನಾನು ಒಂದು ಬದಿ ಸೆರಗು ಹಿಡಕೊಂಡು ಹೊರಗ ಬಂದೆ. ಆಕಿ ನನ್ನ ನೋಡಿದಳು, ಗುಂಡು ನೋಡಿದಳು, ತಿಳಕೊಂಡಳು. ಏನೂ ಅನಲಿಲ್ಲ. ಏನರ ಅಂದಿದ್ದರ ಪಾಡಿತ್ತರಿ." ಪ್ರಫುಲ್ಲಾ ಅಲ್ಲಿಯವರೆಗೆ ಸಿಟ್ಟಿನಿಂದಲೇ ಹೇಳುತ್ತಿದ್ದವಳು ಈಗ ಅಳತೊಡಗಿದಳು. "ಮದುವಿ ಏನೂ ನಿಂದರಲಿಲ್ಲ, ದೇವರು ದೊಡ್ಡಾಂವ. ಆದರ ಇನ್ನ ಮಗಳ ಮನಿಗೆ ನಾ ಹೆಂಗ ಹೋಗಲಿ? ಆ ಬಾಗಲಾ ದಾಟಿ ಹೋಗಾಕ ನನ್ನಿಂದ ಆಗಂಗಿಲ್ಲ."

ತಪ್ಪು ಆ ಯಂತ್ರದ್ದಲ್ಲ, ಕತ್ತರಿ ಹಿಡಿದ ಹೆಂಗಸಿನದೂ ಅಲ್ಲ, ತನ್ನದೇ ಎಂದು ವನಜಾಬಾಯಿಗೆ ಸ್ಪಷ್ಟವಾಗಿ ಗೊತ್ತಾಯಿತು. ಪ್ರಫುಲ್ಲಾಳ ಕೈ ಹಿಡಿದು ಕೂತಳು. ಚಹಾ ಮಾಡಿದಳು. ಚಹಾ ಆರಿಹೋಯಿತು.

ಸಂಜೆ ನರಸಿಂಹರಾಯ ಬಂದಾಗ ಎಲ್ಲ ಹೇಳಿದಳು. ಅವನು ಟೋಪಿ ತೆಗೆದು ಗೂಟಕ್ಕೆ ಹಾಕಿ, "ಹೊಲಿಸಿಕೊಂಡವರನ್ನ ಎಲ್ಲಾರ್ನೂ ಕರಸು, ತಗದುಬಿಡು" ಎಂದ.

"ಎಲ್ಲಿಂದ ಕರಸಲಿ? ಯಾರ ಹೆಸರಾದರೂ ಗೊತ್ತದ ಏನು ನನಗ? ಯಾರ ಮನಿಯಾದರೂ ಗೊತ್ತದ ಏನು?" ಎಂದು ಅವನ ಮೇಲೆಯೇ ರೇಗಿದಳು. ಗುಟ್ಟು ಕಾಯಬೇಕೆಂದು ತಾನೇ ಮಾಡಿಕೊಂಡ ಪದ್ಧತಿ ಈಗ ತನ್ನ ಕೈಯನ್ನೇ ಕಟ್ಟಿಹಾಕಿತ್ತು. ಎಷ್ಟು ಹೆಂಗಸರು, ಯಾವ ಊರವರು, ಅವರಲ್ಲಿ ಯಾರಿಗೆ ನಾಳೆ ಯಾವ ವಿಮಾನ, ದೇವರಿಗೇ ಗೊತ್ತು.

ಕೈಲಾದದ್ದನ್ನು ಮಾಡಿದಳು. ಮರುದಿನವೇ ಆಸ್ಪತ್ರೆಗೆ ಹೋಗಿ ಉಷಾಗೆ ಹೇಳಿದಳು. ತಪಾಸಣೆಗೆ ಬರುವ ಪ್ರತಿ ಹೆಂಗಸಿನ ಕಿವಿಯಲ್ಲಿ ಉಷಾ ಮತ್ತೆ ಉಸುರಿದಳು, ಕಾಚಿಗೂಡಕ್ಕೆ ಹೋಗಿ ತುಂಬಿದ್ದನ್ನು ಬದಲಿಸಿಕೊಳ್ಳಿ ಎಂದು. ಇತ್ತ ಛರ್ರಾದ ಬದಲಿಗೆ ಏನು ಹಾಕುವುದೆಂದು ತಲೆ ಕೆರೆದುಕೊಂಡ ವನಜಾಬಾಯಿ ಕೊನೆಗೆ ಚಾರ್‌ಮಿನಾರಿನ ಬಳಿಯ ಬಳೆಪೇಟೆಗೆ ಹೋದಳು. ಕಬ್ಬಿಣವಲ್ಲ, ಮೊಳಕೆ ಬಿಡುವುದಿಲ್ಲ, ಹುಳ ಹಿಡಿಯುವುದಿಲ್ಲ, ತೂಕ ಇದೆ: ಗಾಜಿನ ಮಣಿ! ಚೀಲ ಚೀಲ ಮಣಿ ಕೇಳಿದ್ದನ್ನು ನೋಡಿ ಅಂಗಡಿಯ ಮುದುಕ ಮಿಯಾ, "ಕ್ಯಾ ಅಮ್ಮಾ, ಕಿತನೇ ಬೇಟಿಯಾಂ ಕೀ ಶಾದೀ ಹೈ?" ಎಂದು ತಮಾಷೆ ಮಾಡಿದ. ಎಷ್ಟು ಹೆಣ್ಣುಮಕ್ಕಳ ಮದುವೆ ಎಂದು ಕೇಳಿದವನಿಗೆ ವನಜಾಬಾಯಿ, "ಭೋತ್ ಹೈಂ ಮಿಯಾ, ಸಬ್ ಮೇರಿಚ್ ಬೇಟಿಯಾಂ" ಎಂದಳು. ಎಲ್ಲರೂ ನನ್ನ ಮಕ್ಕಳೇ ಎಂದ ಅವಳ ಮುಖ ನೋಡಿ ಅವನು ಒಂದು ಹಿಡಿ ಹೆಚ್ಚಿಗೆ ಹಾಕಿದ.

ಮಣಿಯ ಮೊದಲ ದಿಂಬು ಪ್ರಫುಲ್ಲಾಳಿಗೆ ಹೋಯಿತು. ದಸರೆಯ ಹೊತ್ತಿಗೆ ಬಹಳ ಜನ ಬಂದು ಬದಲಿಸಿಕೊಂಡು ಹೋದರು. ಆದರೂ ಬಾರದವರು ಇದ್ದರು. ತಪಾಸಣೆ ಮುಗಿದವರು, ಬೇರೆ ಊರಿಗೆ ವರ್ಗವಾದವರು, ಮಾತು ತಲುಪದವರು. ವನಜಾಬಾಯಿಗೆ ಊಟ ಸೇರದಾಯಿತು. ತಲೆಯ ಮೇಲೆ ವಿಮಾನದ ಸದ್ದು ಕೇಳಿದರೆ ಹೊಲಿಗೆಯ ಪೆಡಲ್ಲಿನ ಮೇಲಿನ ಕಾಲು ನಿಲ್ಲುತ್ತಿತ್ತು. ಅದರಲ್ಲಿ ತನ್ನ ದಿಂಬು ಹಾಕಿಕೊಂಡವಳು ಇದ್ದರೆ? ಮಣಿ ಹಾಕಿಸಿಕೊಂಡವರದಾದರೂ ಏನು ಕಥೆ? ಯಂತ್ರ ಕಿರುಚದಿದ್ದರೂ ಕೈ ಹಾಕಿ ನೋಡುವವಳಿಗೆ ಗಟ್ಟಿಯಾದದ್ದೇನೋ ಸಿಕ್ಕೇ ಸಿಗುತ್ತದಲ್ಲ. ಮತ್ತೆ ಕತ್ತರಿ ತಂದರೆ?

ಒಂದು ಬೆಳಿಗ್ಗೆ ಗಂಡನ ಡಬ್ಬಿ ಕಟ್ಟಿಕೊಟ್ಟು, ಒಳ್ಳೆಯ ಸೀರೆ ಉಟ್ಟು, ಬಸ್ಸು ಹಿಡಿದು ಬೇಗಂಪೇಟೆಗೆ ಹೊರಟಳು.

ವಿಮಾನ ಹತ್ತದವರನ್ನೂ ಟಿಕೆಟ್ಟು ತೆಗೆದುಕೊಂಡರೆ ಒಳಗೆ ಸ್ವಲ್ಪ ದೂರ ಬಿಡುತ್ತಿದ್ದ ಕಾಲ ಅದು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು ನೋಡಿದಳು. ದೂರದಲ್ಲಿ ಬಾಗಿಲಿನಂಥ ಯಂತ್ರ, ಪಕ್ಕದಲ್ಲಿ ಹಸಿರು ಪರದೆಯ ಗೂಡು. ಹೆಂಗಸರು ಒಬ್ಬೊಬ್ಬರಾಗಿ ಪರದೆಯೊಳಗೆ ಹೋಗುತ್ತಿದ್ದರು, ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಯಾರನ್ನು ಕೇಳುವುದು, ಯಾವ ಭಾಷೆಯಲ್ಲಿ ಕೇಳುವುದು? ತೆಲುಗು ಬರುತ್ತಿತ್ತು, ಆದರೆ ಅದು ತರಕಾರಿ ಕೊಳ್ಳುವ ತೆಲುಗು. ಎರಡು ಗಂಟೆ ಕೂತಳು. ಎದ್ದು ಹೋಗೋಣ ಎಂದುಕೊಳ್ಳುವಷ್ಟರಲ್ಲಿ ಖಾಕಿ ಸೀರೆಯ ದಪ್ಪನೆಯ ಹೆಂಗಸೊಬ್ಬಳು ಪರದೆಯಿಂದ ಹೊರಬಂದು, ಕೈಯಲ್ಲಿ ಚಹಾದ ಕಪ್ಪು ಹಿಡಿದು, ಅದೇ ಬೆಂಚಿನ ಮೇಲೆ ಧೊಪ್ಪೆಂದು ಕೂತು, "ಯವ್ವಾ, ಕಾಲು ಹರದು ಹೋದಂಗ ಆಗ್ಯಾವಲ್ಲೋ ಶಿವನೇ" ಎಂದಳು.

ಕನ್ನಡ ಕೇಳಿ ವನಜಾಬಾಯಿಗೆ ದೇವರೇ ಬಂದು ಕೂತಷ್ಟು ಸಂತೋಷವಾಯಿತು. "ಯಾವೂರವ್ವಾ ನಿಮ್ಮದು?"

"ಮಖ್ತಲ್ ರಿ. ಅಲ್ಲಿ ನಮ್ಮ ಮನ್ಯಾಗೆಲ್ಲ ಕನ್ನಡಾನ. ಶಿವದೇವಿ ಅಂತಾರ ನನಗ. ನೀವು ಯಾರನ್ನ ಕಳಸಾಕ ಬಂದೀರಿ?"

"ಯಾರನ್ನೂ ಕಳಸಲಿಕ್ಕೆ ಬಂದಿಲ್ಲವ್ವಾ. ನಿನ್ನನ್ನ ನೋಡಲಿಕ್ಕೇ ಬಂದೀನಿ" ಎಂದು ವನಜಾಬಾಯಿ ಶುರು ಮಾಡಿದಳು. ದಿಂಬಿನ ವಿಷಯ, ಆಸ್ಪತ್ರೆಯ ವಿಷಯ, ಪ್ರಫುಲ್ಲಾಳ ವಿಷಯ. ಛರ್ರಾ ಎಂಬ ಮಾತು ಬಂದಾಗ ಶಿವದೇವಿ ಕಪ್ಪು ಕೆಳಗಿಟ್ಟಳು. ಮುಖದ ನಗು ಹೋಯಿತು.

"ಛರ್ರಾ? ಮೈಗೆ ಕಟಿಗೊಂಡು? ಛರ್ರಾ ಯಾತರಾಗ ತುಂಬತಾರ ಗೊತ್ತೈತೇನ್ರಿ ನಿಮಗ? ಬಾಂಬಿನಾಗ! ಈ ಮಾತು ನಮ್ಮ ಇನಸ್ಪೆಕ್ಟರ್ ಕಿವಿಗೆ ಬಿದ್ದರ ನಿಮ್ಮನ್ನ ಇಲ್ಲೇ ಕುಂದರಿಸಿಕೋತಾರ."

"ಕುಂದರಿಸಿಕೊಳ್ಳಲಿ. ಕುಂದರತೀನಿ. ಆದರ ಆ ಹೆಣ್ಣುಮಕ್ಕಳಿಗೆ ಗೊತ್ತಿಲ್ಲವ್ವಾ ಒಳಗೇನದ ಅಂತ. ಅವರದೇನೂ ತಪ್ಪಿಲ್ಲ. ಇನ್ನೊಬ್ಬಾಕಿದು ಹಂಗ ಕತ್ತರಿಸಿ ಹೊರಗ ಉರುಳಿಸಬ್ಯಾಡ್ರಿ. ಇಷ್ಟ ಕೇಳಲಿಕ್ಕೆ ಬಂದೆ."

ಶಿವದೇವಿ ಸುತ್ತ ಒಮ್ಮೆ ನೋಡಿ ಹತ್ತಿರ ಸರಿದಳು. ಆಮೇಲೆ ಮೆಲ್ಲಗೆ, ಆದರೆ ಬಿಡದೆ ಮಾತಾಡಿದಳು. "ಬಾಯಾರ, ದಿನಾ ನೂರಾರು ಹೆಣ್ಣುಮಕ್ಕಳ ಮೈ ಮುಟ್ಟತೀನಿ. ಮುಟ್ಟಿಸಿಕೊಳ್ಳೋರಿಗೆ ನಾಚಿಕಿ ಆಗೋದು ನನಗ ಗೊತ್ತಿಲ್ಲೇನು? ನನಗೂ ಮೊದಲ ಆರು ತಿಂಗಳು ಮನಿಗೆ ಹೋಗಿ ಊಟ ಸೇರತಿದ್ದಿಲ್ಲ. ಆದರ ಮಾನಾ ಅಂತ ಬಿಟ್ಟಬಿಟ್ಟರ ನಾಳೆ ಯಾವಾಕಿಯೋ ಅದೇ ಜಾಗಾದಾಗ ಬ್ಯಾರೇನರ ಇಟಗೊಂಡು ಬರತಾಳ. ವಿಮಾನದಾಗ ಇರೋ ಮಂದಿದೂ ಜೀವಾನ ಅಲ್ಲೇನ್ರಿ? ನನ್ನ ಕೈಗೆ ಗುರುತಿಲ್ಲದ್ದನ್ನ ನಾ ಹೆಂಗ ಬಿಡಲಿ ಹೇಳ್ರಿ."

ಆ ಹೆಂಗಸು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಹೊಲಿಗೆಯವಳಿಗೆ ಅದು ಚೆನ್ನಾಗಿ ಗೊತ್ತು, ಬಟ್ಟೆಯನ್ನು ಬೆರಳು ಗುರುತಿಸಬೇಕಾದರೆ ಒಂದು ಸಲವಾದರೂ ಮುಟ್ಟಿರಬೇಕು. ಬಾಯಿಂದ ಎಷ್ಟು ವರ್ಣಿಸಿದರೂ ಬಾರದು. ಮುಟ್ಟಿಸುವುದಾದರೆ ಯಾರ ಮೈ ಮುಟ್ಟಿಸುವುದು? ಯಾವ ಗಿರಾಕಿಯನ್ನು ಕರೆತಂದು ನಿಲ್ಲಿಸುವುದು? ಉತ್ತರ ಅವಳ ಸೆರಗಿನ ಒಳಗೇ ಇತ್ತು, ಅದು ಅವಳಿಗೆ ಬಸ್ಸಿನಲ್ಲಿ ಕೂತಾಗಿನಿಂದ ಗೊತ್ತಿತ್ತೋ ಏನೋ. ಹತ್ತು ವರ್ಷಕ್ಕಿಂತ ಹೆಚ್ಚಾಗಿತ್ತು. ಕಟ್ಟಿಕೊಂಡ ಗಂಡನಿಗೇ ತೋರಿಸಿರಲಿಲ್ಲ.

"ಬಾಗಲಾ ಹಾಕ್ಕೊಳ್ಳೋ ಖೋಲಿ ಇಲ್ಲಿ ಎಲ್ಲಿ ಅದ?" ಎಂದು ಕೇಳಿದಳು.

ಹೆಂಗಸರ ವಿಶ್ರಾಂತಿ ಕೋಣೆಗೆ ಶಿವದೇವಿ ಕರೆದುಕೊಂಡು ಹೋದಳು. ಯಾರೂ ಇರಲಿಲ್ಲ. ಚಿಲಕ ಹಾಕಿದಳು. ಹಿಂದೆ ನಿಂತು ಅಳತೆ ತೆಗೆಯುವ ತನ್ನ ಪದ್ಧತಿಯಂತೆ ಬೆನ್ನು ತಿರುಗಿಸಿ ನಿಲ್ಲೋಣವೇ ಎಂದು ವನಜಾಬಾಯಿಗೆ ಒಂದು ಗಳಿಗೆ ಅನಿಸಿತು. ಹಾಗೆ ನಿಂತರೆ ಇವಳ ಕೈ ಕಲಿಯುವುದು ಅರ್ಧ ಮಾತ್ರ. ಎದುರಿಗೇ ನಿಂತಳು. ಮೊದಲು ಜಂಪರಿನ ಮೇಲಿಂದ ಶಿವದೇವಿಯ ಕೈ ಹಿಡಿದು ಒತ್ತಿಸಿದಳು.

"ಇದು ಮಣಿ. ಎರಡು ಬೆರಳಿಂದ ಒತ್ತಿ ನೋಡು, ಸರದಾಡತಾವ. ಒಂದೇ ಗಟ್ಟಿ ಸಾಮಾನಿದ್ದರ ಸರದಾಡಂಗಿಲ್ಲ. ಸುತ್ತ ಹತ್ತಿ ಅದ. ಇಲ್ಲಿ ಕಂಕುಳಿನ ಬದಿಗೆ ಮೂರು ಗಂಟು ಸಿಗತಾವ. ಸಿಕ್ಕವಾ?"

"ಸಿಕ್ಕವು."

ಆಮೇಲೆ ಹುಕ್ಕು ಬಿಚ್ಚಿದಳು. ನಾಲ್ಕು ಹುಕ್ಕಿಗೆ ಎಷ್ಟು ಹೊತ್ತು! ದಿಂಬು ತೆಗೆದು ಶಿವದೇವಿಯ ಕೈಗೆ ಕೊಟ್ಟು, ಸೆರಗು ಮುಚ್ಚಿಕೊಳ್ಳದೆ ನಿಂತಳು. ಗೋಡೆಯ ಕಡೆ ತಿರುಗಲಿಲ್ಲ. "ಇದರ ಹಿಂದ ಹಿಂಗ ಇರತದವ್ವಾ. ನಿನ್ನ ಮುಂದ ಬರೋ ನನ್ನ ಗಿರಾಕಿಗಳದ್ದೆಲ್ಲ ಹಿಂಗ ಇರತದ. ನೋಡಿ ಇಟ್ಟುಕೋ, ಇನ್ನ ಅವರನ್ನ ಬಿಚ್ಚಿಸಿ ನೋಡೋದು ಬ್ಯಾಡ."

ಶಿವದೇವಿ ನೋಡಿದಳು. ಕಣ್ಣು ತಪ್ಪಿಸಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಕಲೆಯ ಮೇಲೆ ಅಂಗೈಯನ್ನು ಒಂದು ಗಳಿಗೆ ಇಟ್ಟಳು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. "ಭಾಳ ತ್ರಾಸಾಗಿತ್ತೇನ್ರಿ ಆವಾಗ?" ಎಂದಳು. ವನಜಾಬಾಯಿ ಹೂಂ ಎಂದಳು. ಆಮೇಲೆ ಇಬ್ಬರೂ ಅತ್ತರು, ಅತ್ತಮೇಲೆ ಸಾಸಿವೆ ಮೊಳಕೆಯೊಡೆದ ಕಥೆ ಕೇಳಿ ಖಾಕಿ ಸೀರೆಯ ಶಿವದೇವಿ ಗೋಡೆ ಹಿಡಿದುಕೊಂಡು ನಕ್ಕಳು. ಹೊರಗೆ ಯಾರೋ ಬಾಗಿಲು ಬಡಿದರು.

ಹುಕ್ಕು ಹಾಕಿಕೊಡುತ್ತ ಶಿವದೇವಿ ಹೇಳಿದ್ದು ಇಷ್ಟು. "ಗಂಟು ನೋಡಿ ಸುಮ್ಮನ ಬಿಡತೀನಿ ಅಂತ ಮಾತು ಕೊಡಂಗಿಲ್ಲರಿ, ಅದು ನನ್ನ ನೌಕರಿ ಅಲ್ಲ. ನೋಡೇ ನೋಡತೀನಿ. ಆದರ ಪರದೆ ಪೂರಾ ಎಳದು ನೋಡತೀನಿ, ನಾಲ್ಕು ಮಂದಿ ಕರಿಯಂಗಿಲ್ಲ, ಕತ್ತರಿ ತರಂಗಿಲ್ಲ. ನನ್ನ ಜೋಡಿ ಇರೋ ಹುಡುಗೇರಿಗೂ ಕಲಸತೀನಿ. ಇದು ಮಾತ್ರ ಮಾತು."

ಒಂದು ದಿಂಬನ್ನು ವನಜಾಬಾಯಿ ಹೊಸದಾಗಿ ಹೊಲಿದು ಮುಂದಿನ ವಾರ ಶಿವದೇವಿಗೆ ತಲುಪಿಸಿದಳು. ಅದು ಅಲ್ಲಿನ ಕಪಾಟಿನಲ್ಲಿ ಉಳಿಯಿತು. ಹೊಸದಾಗಿ ಡ್ಯೂಟಿಗೆ ಬಂದ ಹುಡುಗಿಯರ ಕೈಗೆ ಶಿವದೇವಿ ಅದನ್ನು ಕೊಟ್ಟು ಒತ್ತಿ ನೋಡಿಸುತ್ತಿದ್ದಳಂತೆ. ಆ ಮೊದಲ ದಿನವೇ ಬಸ್ಸಿಳಿದು ಮನೆಗೆ ಬಂದ ವನಜಾಬಾಯಿ ನರಸಿಂಹರಾಯನಿಗೆ ಎಲ್ಲ ಹೇಳಿದಳು. ಅವನು ಕೇಳಿ, "ಪೊಲೀಸರಿಗೆ ತೋರಿಸಿದಿ, ನನಗ ತೋರಸಲಿಲ್ಲ" ಎಂದ. ಅವನ ದನಿಯಲ್ಲಿ ನಗು ಇತ್ತು, ಮುನಿಸೂ ಇತ್ತು. "ನೀವು ಖಾಕಿ ಹಾಕ್ಕೊಂಡು ಬರ್ರಿ, ನೋಡೋಣು" ಎಂದು ಅವಳು ಅಂದಳು. ಎಷ್ಟೋ ವರ್ಷದ ಮೇಲೆ ಆ ವಿಷಯದಲ್ಲಿ ಮನೆಯಲ್ಲಿ ಇಬ್ಬರೂ ನಕ್ಕದ್ದು. ಮುಂದಿನದು ಅವರ ಮನೆಯ ಮಾತು, ನಮಗೆ ಬೇಡ.

ಒಂದೂವರೆ ವರ್ಷದ ಮೇಲೆ ಪ್ರಫುಲ್ಲಾಳ ಮಗಳಿಗೆ ಹೆರಿಗೆಯ ದಿನ ಹತ್ತಿರವಾಯಿತು. ಬೇಗ ಬಾ ಎಂದು ತಂತಿ ಬಂತು. ರೈಲಿಗೆ ಟಿಕೆಟ್ಟು ಸಿಗಲಿಲ್ಲ. ಪ್ರಫುಲ್ಲಾ ವನಜಾಬಾಯಿಯ ಬಳಿ ಬಂದು, "ಏನು ಮಾಡಲಿ?" ಎಂದು ಕೇಳಿದಳು.

"ಹೋಗರಿ. ಕೈ ಎತ್ತಿ ನಿಂದರ್ರಿ. ನಾ ಇದ್ದೀನಿ" ಎಂದಳು ವನಜಾಬಾಯಿ. ಅಂದಳೇ ಹೊರತು, ಅವಳು ಹೋದ ಮೇಲೆ ಮೂರು ಜಂಪರಿನ ತೋಳು ತಪ್ಪಾಗಿ ಕತ್ತರಿಸಿದಳು.

ಹದಿನೈದು ದಿನಕ್ಕೆ ಪ್ರಫುಲ್ಲಾ ರೈಲಿನಲ್ಲಿ ವಾಪಸು ಬಂದಳು. ಮೊಮ್ಮಗನ ಫೋಟೋ ತೋರಿಸುವ ಮೊದಲೇ ಪರದೆಯೊಳಗೆ ಎಳೆದುಕೊಂಡು ಹೋಗಿ ಹೇಳಿದಳು. ಬೇಗಂಪೇಟೆಯಲ್ಲಿ ಅಂದು ಶಿವದೇವಿ ಇರಲಿಲ್ಲ, ಬೇರೆ ಯಾರೋ ಇದ್ದಳು. ಇಪ್ಪತ್ತು, ಇಪ್ಪತ್ತೊಂದರ ಹುಡುಗಿ, ತೆಲುಗಿನವಳು. ಯಂತ್ರ ಸುಮ್ಮನಿತ್ತು. ಪರದೆಯೊಳಗೆ ಹುಡುಗಿಯ ಕೈ ತೋಳಿನಿಂದ ಇಳಿದು ಎದೆಯ ಹತ್ತಿರ ಬಂದು ನಿಂತಿತು. ಎರಡು ಬೆರಳು ಒತ್ತಿದವು, ಕಂಕುಳ ಬದಿಗೆ ಸರಿದು ಗಂಟು ಹುಡುಕಿದವು. ಆಮೇಲೆ ಹುಡುಗಿ ಪರದೆ ಸರಿಯಾಗಿ ಮುಚ್ಚಿದೆಯೇ ಎಂದು ನೋಡಿ, ಕಿವಿಯ ಹತ್ತಿರ ಬಂದು, "ಎಕ್ಕಡ ಕುಟ್ಟಿಂಚಾರಮ್ಮಾ?" ಎಂದು ಕೇಳಿದಳು.

ಎಲ್ಲಿ ಹೊಲಿಸಿದಿರಿ ಎಂದು! ಅವಳ ತಾಯಿಗೂ ಆಪರೇಷನ್ ಆಗಿತ್ತಂತೆ, ಆರು ತಿಂಗಳಿಂದ ಹೊರಗೆ ಹೆಜ್ಜೆ ಇಟ್ಟಿಲ್ಲವಂತೆ. ಮಗಳ ಮುಂದೆಯೂ ಗೋಡೆಗೆ ಮುಖ ಮಾಡಿ ಸೀರೆ ಉಡುತ್ತಾಳಂತೆ. ಶಿವದೇವಿಯನ್ನು ಕೇಳಲು ಹುಡುಗಿಗೆ ಸಂಕೋಚವಾಗಿತ್ತು.

"ಹಿಂದ ಮಂದಿ ಸಾಲು ನಿಂತಿದ್ದರು. ನಾ ಅಲ್ಲೇ ಟಿಕೆಟ್ಟಿನ ತುಂಡಿನ ಮ್ಯಾಲೆ ನಿಮ್ಮ ವಿಳಾಸ ಬರದು ಕೊಟ್ಟೆ ಬಾಯಾರ. ಕೆಳಗ ನನ್ನ ಹೆಸರೂ ಬರದೆ. ತಪ್ಪಾತೇನು?" ಎಂದಳು ಪ್ರಫುಲ್ಲಾ.

ತಪ್ಪೇನು ಬಂತು! ವನಜಾಬಾಯಿ ಮೊಮ್ಮಗನ ಫೋಟೋವನ್ನು ತಲೆಕೆಳಗಾಗಿ ಹಿಡಿದು ಚೆಂದ ಇದ್ದಾನೆ ಎಂದಳು.

ಮುಂದಿನ ಮಂಗಳವಾರ ಆ ತಾಯಿ ಮಗಳು ಬಂದರು. ತಾಯಿ ಶಾಲು ಹೊದ್ದಿದ್ದಳು, ಮೇ ತಿಂಗಳಲ್ಲಿ. ವನಜಾಬಾಯಿ ಹೆಸರು ಕೇಳಲಿಲ್ಲ. ಜಮಖಾನೆಯ ಪರದೆ ಎತ್ತಿ ತಾಯಿಯನ್ನು ಒಳಗೆ ಬಿಟ್ಟು, ತನ್ನ ತರಕಾರಿ ತೆಲುಗಿನಲ್ಲಿ ಮಗಳಿಗೆ, ನೀನು ಹೊರಗೆ ಕೂರಮ್ಮಾ ಎಂದಳು. ದಿನಕ್ಕೆ ನೂರು ಹೆಂಗಸರ ಮೈ ತಪಾಸಣೆ ಮಾಡುವ ಹುಡುಗಿ ತಲೆ ತಗ್ಗಿಸಿ ಹಿಂದೆ ಸರಿದಳು.

ಪರದೆಯೊಳಗಿನಿಂದ ಒಂದು ಕೈ ಹೊರಗೆ ಬಂದು ಹುಡುಗಿಯ ಮುಂಗೈ ಹಿಡಿಯಿತು.

"ಉಂಡನೀ ಅಮ್ಮಾ" ಎಂದಳು ತಾಯಿ. ಅವಳು ಇರಲಿ, ನೋಡಲಿ ಎಂದು.

ವನಜಾಬಾಯಿ ಪರದೆಯನ್ನು ಮೂವರ ಹಿಂದೆಯೂ ಪೂರ್ತಿ ಎಳೆದು, ತಾಯಿಯ ಶಾಲನ್ನು ತೆಗೆದು ಮಗಳ ಕೈಗೆ ಕೊಟ್ಟಳು.